ಗಿರಿಗೆ ನಡೆದುಕೊಳ್ಳುವವರು

1978ರಲ್ಲಿ ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯಕ್ಕೆ ಒಂದು ದಾವೆ ಬಂತು. ಬಾಬಾಬುಡನ್‌ಗಿರಿಯ ಗುಹೆಯನ್ನು ಮುಜರಾಯಿ ಇಲಾಖೆಯಿಂದ ತೆಗೆದು ವಕ್ಫ್ ಮಂಡಳಿಗೆ ಒಪ್ಪಿಸಿದ್ದು ಸರಿಯೇ ಎಂಬುದು ತಕರಾರು. 1980ರಲ್ಲಿ ತೀರ್ಪು ಹೊರಬಿತ್ತು. ಹಿಂದೂಗಳೂ ಮುಸ್ಲಿಮರೂ ಇಬ್ಬರೂ ನಡೆದುಕೊಳ್ಳುತ್ತ ಬಂದ ಜಾಗ ಇದು, ವಕ್ಫ್ ಆಸ್ತಿಯಲ್ಲ, ಮುಜರಾಯಿಗೇ ಮರಳಲಿ, 1975ರ ಜೂನ್‌ಗಿಂತ ಹಿಂದೆ ಏನೇನು ನಡೆಯುತ್ತಿತ್ತೋ ಅದೇ ನಡೆಯಲಿ ಎಂದಿತು ನ್ಯಾಯಾಲಯ. ಮೇಲ್ಮನವಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ 1991ರ ಹೊತ್ತಿಗೆ ಬಿದ್ದುಹೋಯಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಅಲ್ಲಿಂದಲೇ ಹೊಸ ಪೇಚು ಶುರುವಾಯಿತು. 1975ರ ಜೂನ್‌ಗಿಂತ ಹಿಂದೆ ನಿಜಕ್ಕೂ ಏನು ನಡೆಯುತ್ತಿತ್ತು? ದೀಪ ಹಚ್ಚುತ್ತಿದ್ದವರು ಯಾರು? ಪಾದುಕೆಗೆ ಹೂವಿಡುತ್ತಿದ್ದವರು ಯಾರು? ತೀರ್ಥ ಕೊಡುತ್ತಿದ್ದದ್ದು ಯಾರ ಕೈ?

ಕಾನೂನು ಕೇಳಲೇಬೇಕಾದ ಪ್ರಶ್ನೆಗಳಿವು, ತಪ್ಪಿಲ್ಲ. ಆದರೆ ಹೋಗಿ ಬರುತ್ತಿದ್ದವರು ಈ ಪ್ರಶ್ನೆಗಳನ್ನು ಕೇಳಿಕೊಂಡವರಲ್ಲ. ಗುಹೆ ತಗ್ಗು. ತಲೆ ಬಗ್ಗಿಸಿ ಒಳಗೆ ಹೋಗಬೇಕು. ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಪಾದುಕೆ, ನಂದಾದೀಪ, ಲೋಬಾನದ ಹೊಗೆ. ದರ್ಗಾದ ಸೇವಕರಾದ ಮುಜಾವರರು ಕೊಟ್ಟ ತೀರ್ಥವನ್ನು ಕಣ್ಣಿಗೊತ್ತಿ ಕುಡಿದು, ತೆಂಗಿನಕಾಯಿಯ ಹೋಳನ್ನೋ ಓದಿಸಿದ ಸಕ್ಕರೆಯ ಪೊಟ್ಟಣವನ್ನೋ ಸೆರಗಿಗೆ ಕಟ್ಟಿಕೊಂಡು ಹೊರಬಂದ ಹೆಂಗಸನ್ನು ನಿಲ್ಲಿಸಿ, ‘ಅಮ್ಮಾ, ನೀವೀಗ ಯಾವ ಧರ್ಮದ ವಿಧಿಯಂತೆ ಪೂಜೆ ಸಲ್ಲಿಸಿದಿರಿ?’ ಎಂದರೆ ಆಕೆ ಏನು ಹೇಳಬೇಕು? ಹಿಂದಿನ ವರ್ಷ ಹೇಳಿಕೊಂಡ ಹರಕೆ ತೀರಿಸಿದೆ ಅನ್ನಬಹುದು. ಮಗು ಗುಣವಾಯಿತು ಅನ್ನಬಹುದು.

ಚಂದ್ರದ್ರೋಣ ಪರ್ವತವೆಂದು ಪುರಾಣ ಹೆಸರಿಟ್ಟ ಈ ಸಾಲು ಬೆಟ್ಟಗಳಲ್ಲಿ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ ಇದೆ, ಸುಮಾರು 1,930 ಮೀಟರ್. ಅದರ ನೆತ್ತಿಯಲ್ಲಿ ಮುಳ್ಳಪ್ಪಸ್ವಾಮಿ. ಹತ್ತಿರದಲ್ಲೇ ಸೀತಾಳಯ್ಯನಗಿರಿ. ಇತ್ತ ಬಿಂಡಿಗದ ದೇವೀರಮ್ಮನ ಬೆಟ್ಟ, ದೀಪಾವಳಿಯ ಹೊತ್ತಿನಲ್ಲಿ ಸಾವಿರಾರು ಜನ ಇರುಳೇ ಹತ್ತತೊಡಗುವ ಕಡಿದಾದ ಬೆಟ್ಟ. ಚಿಕ್ಕಮಗಳೂರಿನಿಂದ 30 ಕಿಲೋಮೀಟರಿನಷ್ಟು ದೂರದಲ್ಲಿ, ಅತ್ತಿಗುಂಡಿ ದಾಟಿದರೆ ದತ್ತಾತ್ರೇಯ ಪೀಠ, ದಾದಾ ಹಯಾತ್ ಮೀರ್ ಕಲಂದರರ ಗುಹೆ, ಬಾಬಾ ಬುಡನ್ನರ ದರ್ಗಾ. ಮೂರೂ ಒಂದೇ ಜಾಗ. ಒಂದೊಂದು ಬೆಟ್ಟಕ್ಕೂ ಒಬ್ಬೊಬ್ಬ ಸಿದ್ಧನನ್ನೋ ತಾಯಿಯನ್ನೋ ಕೂರಿಸಿಕೊಂಡ ಸೀಮೆಗೆ ಒಂದು ಬೆಟ್ಟದಲ್ಲಿ ಫಕೀರ ಕುಳಿತದ್ದು ಸೋಜಿಗವಾಗಿ ಕಾಣಲಿಲ್ಲ. ಶಿವಯೋಗಿಯೂ ಅವಧೂತನೂ ಕಲಂದರನೂ ಊರು ಬಿಟ್ಟು ಗವಿ ಸೇರುವವರೇ. ಕೆಳಗಿನ ಊರಿನವರಿಗೆ ಬೇಕಾದದ್ದು ಅವರ ಸಿದ್ಧಾಂತವಲ್ಲ, ತಪಸ್ಸಿನ ಫಲ.

ಕಾಫಿಯ ಕಥೆ ಎಲ್ಲರಿಗೂ ಗೊತ್ತು. 17ನೇ ಶತಮಾನದಲ್ಲಿ ಬಾಬಾ ಬುಡನ್ ಹಜ್ ಯಾತ್ರೆಯಿಂದ ಮರಳುವಾಗ ಯೆಮೆನ್‌ನ ಮೋಕಾ ಬಂದರಿನಿಂದ ಏಳು ಬೀಜ ಮರೆಮಾಡಿ ತಂದು ಈ ಗಿರಿಯಲ್ಲಿ ಬಿತ್ತಿದರಂತೆ. ಐತಿಹ್ಯವೇ ಇರಲಿ, ತೋಟಗಾರರು ಅದನ್ನು ಬಿಟ್ಟುಕೊಟ್ಟಿಲ್ಲ. 1840ರ ಹೊತ್ತಿಗೆ ಇಂಗ್ಲಿಷರ ತೋಟಗಳು ಎದ್ದವು, ಆಮೇಲೆ ಗೌಡರವು, ಲಿಂಗಾಯತರವು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವೂ ಬಂತು. ಒಬ್ಬ ಫಕೀರ ಕದ್ದು ತಂದ ಬೀಜದಿಂದ ಒಂದು ಜಿಲ್ಲೆಯ ಸಿರಿವಂತಿಕೆ ಬೆಳೆಯಿತೆಂದು ಜಿಲ್ಲೆಯೇ ನಂಬಿಕೊಂಡಿರುವುದು ಸಣ್ಣ ಮಾತಲ್ಲ. ಬಂಗಲೆಯ ಜಗಲಿಯಲ್ಲಿ ಕೂತು ಬಾಬಾನ ಮೇಲೆ ಗುರುಗುಟ್ಟುವ ಸಾಹುಕಾರರ ಕೈಯಲ್ಲೂ ಬಾಬಾನ ಲೋಟವೇ ಇರುತ್ತದೆ.

ಆದರೆ ಗಿರಿಯನ್ನು ನಡೆಸಿಕೊಂಡು ಬಂದವರು ಬಂಗಲೆಯವರಿಗಿಂತ ತೋಟದಾಳುಗಳ ಲೈನ್ ಮನೆಗಳವರು ಎಂದು ನನಗೆ ತೋರುತ್ತದೆ. ಕಾಲಮಾನವನ್ನೇ ನೋಡಿ. ಅರೇಬಿಕಾ ಕೊಯ್ಲು ಕಾರ್ತಿಕದಲ್ಲಿ ಶುರುವಾದರೆ ಸಂಕ್ರಾಂತಿ ಕಳೆದರೂ ಎಳೆಯುತ್ತದೆ, ಬೆನ್ನಿಗೇ ರೊಬಸ್ಟಾ. ದತ್ತ ಜಯಂತಿ ಬರುವ ಮಾರ್ಗಶಿರದ ಹುಣ್ಣಿಮೆ ಕೊಯ್ಲಿನ ನಟ್ಟನಡುವೆ. ಆಗ ಆಳಿಗೆ ರಜೆ ಕೊಡುವ ಮೇಸ್ತ್ರಿ ಯಾವ ತೋಟದಲ್ಲೂ ಹುಟ್ಟಿಲ್ಲ. ಗಿರಿಯ ಉರುಸ್ ಬರುವುದು ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ. ಕೊಯ್ಲು ಮುಗಿದಿರುತ್ತದೆ, ಬಟವಾಡೆ ಕೈಗೆ ಬಂದಿರುತ್ತದೆ, ಹೂಮಳೆಗಾಗಿ ಯಜಮಾನರು ಆಕಾಶ ನೋಡುತ್ತಿರುತ್ತಾರೆ. ಮೂಡಿಗೆರೆ, ಆಲ್ದೂರಿನ ಲೈನುಗಳಿಂದ ಕೋಳಿ, ಅಕ್ಕಿ, ಪಾತ್ರೆಪಗಡ ಕಟ್ಟಿಕೊಂಡು ಸಂಸಾರಗಳು ಹೊರಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಗಿರಿಯ ಮಾಣಿಕ್ಯಧಾರ ಝರಿಯಲ್ಲಿ ಮಿಂದು, ಮೈಮೇಲಿನ ಹಳೇ ಬಟ್ಟೆಯನ್ನು ಅಲ್ಲೇ ಬಿಟ್ಟು, ಪೀಡೆ ಕಳೆಯಿತೆಂದುಕೊಂಡು ಹಿಂದಿರುಗುವುದು. ಈ ಬಟ್ಟೆ ಬಿಡುವ ಪದ್ಧತಿಯನ್ನು ಹಿಂದೂಗಳೂ ಮುಸ್ಲಿಮರೂ ಪಾಲಿಸುತ್ತ ಬಂದರು. ಯಾವ ಶಾಸ್ತ್ರದಲ್ಲಿದೆ ಎಂದು ಹುಡುಕಲು ಹೋದರೆ ಎರಡು ಕಡೆಯ ಪಂಡಿತರಿಗೂ ಸಿಗಲಿಕ್ಕಿಲ್ಲ. (ಝರಿಯ ಸುತ್ತ ರಾಶಿಬಿದ್ದ ಆ ಬಟ್ಟೆಗಳನ್ನು ನೋಡಿದರೆ ನನಗೆ ಭಕ್ತಿಗಿಂತ ಸಿಟ್ಟೇ ಬರುತ್ತದೆ, ಅದು ಬೇರೆ ವಿಷಯ.)

ಇಲ್ಲೇ ಒಂದು ಮಾತನ್ನು ಬಿಡಿಸಿ ನೋಡಬೇಕು. ಭಾಷಣಗಳಲ್ಲಿ ನಾವು ಇದನ್ನು ಭಾವೈಕ್ಯ ಎನ್ನುತ್ತೇವೆ. ಭಾವ ಒಂದಾಗಿತ್ತೇ? ನನಗೆ ಅನುಮಾನ. ಒಬ್ಬರ ಮನಸ್ಸಿನಲ್ಲಿ ದತ್ತಾತ್ರೇಯ ಈ ಗುಹೆಯೊಳಗೆ ಹೊಕ್ಕು ಮರೆಯಾದ, ಒಂದು ದಿನ ಮರಳಿ ಬರುತ್ತಾನೆ. ಇನ್ನೊಬ್ಬರ ಮನಸ್ಸಿನಲ್ಲಿ ದಾದಾ ಹಯಾತ್ ಅರಬ್ ನಾಡಿನಿಂದ ಬಂದು ಇಲ್ಲಿ ತಪಸ್ಸಿಗೆ ಕುಳಿತ. ಗುಹೆಯ ಒಳದಾರಿ ಕಾಶಿಗೆ ಹೋಗುತ್ತದೆ ಎನ್ನುವವರಿದ್ದಾರೆ, ಮೆಕ್ಕಾಗೆ ಎನ್ನುವವರೂ ಇದ್ದಾರೆ. ದಾದಾ ಹಯಾತರೂ ಬಾಬಾ ಬುಡನ್ನರೂ ಒಬ್ಬರೇ ಎನ್ನುವವರಿದ್ದಾರೆ, ಅವರ ನಡುವೆ ಶತಮಾನಗಳ ಅಂತರ ಇಡುವವರಿದ್ದಾರೆ. ಈ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಲು ಯಾರೂ ಕೂತದ್ದಿಲ್ಲ. ಒಂದೇ ಸಾಲಿನಲ್ಲಿ ನಿಂತ ಇಬ್ಬರು ತಲೆಯಲ್ಲಿ ಎರಡು ಬೇರೆ ಬೇರೆ ಕಥೆ ಇಟ್ಟುಕೊಂಡು, ಒಬ್ಬರದನ್ನೊಬ್ಬರು ತಿದ್ದದೆ, ಸರದಿ ಬಂದಾಗ ತಲೆ ಬಗ್ಗಿಸುತ್ತಿದ್ದರು. ಎಲ್ಲ ಧರ್ಮಗಳ ಸಾರ ಒಂದೇ ಎಂದು ಅವರು ಕಂಡುಕೊಂಡಿದ್ದರು ಎನ್ನುವುದು ನಾವು ಆಮೇಲೆ ತೊಡಿಸಿದ ಅಂಗಿ. ಪಕ್ಕದವನ ಕಥೆ ತಪ್ಪಾಗಿದ್ದರೂ ಇರಲಿ, ಅದರಿಂದ ನನ್ನ ಹರಕೆಗೆ ಕೇಡಿಲ್ಲ ಎಂಬಷ್ಟು ಸಾವಧಾನ ಅವರಿಗಿತ್ತು, ಅಷ್ಟೆ. ಆ ‘ಅಷ್ಟೆ’ ಎಷ್ಟು ಕಷ್ಟದ್ದೆಂದು ತಿಳಿಯಲು, ಮನೆಯ ಊಟದ ಹೊತ್ತಿನಲ್ಲಿ ಯಾರಾದರೂ ನಮ್ಮ ಕುಲದೇವರ ಬಗ್ಗೆ ತಪ್ಪು ಕಥೆ ಹೇಳುವಾಗ ಬಾಯಿ ಮುಚ್ಚಿ ಕೂತು ನೋಡಬೇಕು.

ಹಾಗೆ ನೋಡಿದರೆ ದತ್ತನ ಭಕ್ತರಿಗೆ ಈ ಸಾವಧಾನ ಪರಂಪರೆಯಲ್ಲೇ ಬಂದದ್ದು. ದತ್ತ ನೇರವಾಗಿ ಬರುವ ದೇವರಲ್ಲ. ನಾಯಿಗಳನ್ನು ಹಿಂದಿಟ್ಟುಕೊಂಡು, ಭಿಕ್ಷುಕನಾಗಿ, ಹುಚ್ಚನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಗುರುತು ಸಿಗದೆ ಅಟ್ಟಿದವನು ಕೆಟ್ಟ. ಮರಾಠಿ ಸಂತ ಏಕನಾಥನಿಗೆ ದತ್ತ ದರ್ಶನ ಕೊಟ್ಟದ್ದು ಮಲಂಗನ, ಅಂದರೆ ಮುಸ್ಲಿಂ ಫಕೀರನ ವೇಷದಲ್ಲಿ ಎಂದು ಆ ಪರಂಪರೆಯೇ ಹೇಳುತ್ತದೆ. ಏಕನಾಥನ ಗುರು ಜನಾರ್ದನ ಸ್ವಾಮಿ, ಅವರ ಗುರುವೆಂದು ಹೇಳಲಾಗುವ ಚಾಂದ ಬೋಧಲೆ ಸೂಫಿ ನಂಟಿನವರು. ನಮ್ಮ ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ ದತ್ತನ ಅವತಾರವೆಂದು ಪೂಜೆಗೊಂಡ ಮಾಣಿಕ ಪ್ರಭುಗಳು (1817–1865) ತಮ್ಮ ದಾರಿಗೆ ಸಕಲಮತ ಎಂದೇ ಹೆಸರಿಟ್ಟರು, ಮುಸ್ಲಿಂ ಭಕ್ತರೂ ಅವರಿಗೆ ನಡೆದುಕೊಂಡರು. ಇದನ್ನೆಲ್ಲ ಬಲ್ಲ ದತ್ತಭಕ್ತನಿಗೆ ಗುಹೆಯ ಬಾಗಿಲಲ್ಲಿ ಹಸಿರು ಪೇಟದವನೊಬ್ಬ ತೀರ್ಥ ಹಿಡಿದು ನಿಂತರೆ ಗಾಬರಿಯಾಗಬೇಕಾದ್ದಿಲ್ಲ. ಗಾಬರಿಪಡದೆ ಕೈಯೊಡ್ಡುವುದೇ ಅವನಿಗೆ ಹೇಳಿಕೊಟ್ಟ ಪಾಠ.

ಗಿರಿಯ ಈ ಜಿಲ್ಲೆಯಲ್ಲೇ ಇರುವ ಕಳಸ ಎಂದೊಡನೆ ಶಿಶುನಾಳ ಷರೀಫರ (1819–1889) ಗುರು ಗೋವಿಂದ ಭಟ್ಟರನ್ನು ನೆನೆಯುವವರುಂಟು. ಆ ಕಳಸ ಧಾರವಾಡ ಸೀಮೆಯ ಕುಂದಗೋಳದ ಕಡೆಯದು. ಭದ್ರೆಯ ದಂಡೆಯ ಕಳಸೇಶ್ವರನ ಕಳಸ ಬೇರೆ. ಊರು ಬೇರೆಯಾದರೂ ನೆನೆದವರನ್ನು ತಿದ್ದಲು ನನಗೆ ಮನಸ್ಸಾಗುವುದಿಲ್ಲ. ಸ್ಮಾರ್ತ ಬ್ರಾಹ್ಮಣ ಗುರು, ಮುಸ್ಲಿಂ ಶಿಷ್ಯ. ಗುರು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕಥೆ ಬಡಗು ನಾಡಿನಲ್ಲಿ ಇಂದಿಗೂ ಓಡಾಡುತ್ತದೆ. ಆ ಸೀಮೆಯಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರಿನ ಹಿಂದೂಗಳು ಬೇಕಾದಷ್ಟು ಸಿಗುತ್ತಾರೆ. ಮಕ್ಕಳು ನಿಲ್ಲದ ಮನೆಯಲ್ಲಿ ದರ್ಗಾಕ್ಕೋ ಮೊಹರಮ್ಮಿನ ಪಂಜಾಕ್ಕೋ ಹರಕೆ ಹೊತ್ತು ಹುಟ್ಟಿದ ಕೂಸು ಆ ಹೆಸರಿನಲ್ಲೇ ಬೆಳೆದು, ಪಡಿತರ ಚೀಟಿಯಲ್ಲೂ ಮತದಾರರ ಪಟ್ಟಿಯಲ್ಲೂ ಹಾಗೇ ಉಳಿದುಬಿಡುತ್ತದೆ. ಹೆಸರು ಕೇಳಿ ಜಾತಿ ಅಳೆಯಲು ಹೊರಟವನು ಅಲ್ಲಿ ಎಡವುತ್ತಾನೆ.

ಇತ್ತ ಚಾರ್ಮಾಡಿ ಇಳಿದರೆ ಮೂಲ್ಕಿಯ ಬಪ್ಪನಾಡು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಕಟ್ಟಿಸಿದನೆಂಬ ದುರ್ಗಾಪರಮೇಶ್ವರಿಯ ಗುಡಿಯಲ್ಲಿ ಆ ಮನೆತನಕ್ಕೆ ಇವತ್ತಿಗೂ ಪ್ರಸಾದದ ಮರ್ಯಾದೆ ಸಲ್ಲುತ್ತದೆ. ಇನ್ನೂ ತೆಂಕಲಿಗೆ, ಕಾಸರಗೋಡಿನ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಂ ಹೆಸರಿನ ದೈವವನ್ನೇ ಕಟ್ಟುತ್ತಾರೆ. ಘಟ್ಟದ ಮೇಲಿನ ಲೈನುಗಳಿಗೆ ದುಡಿಯಲು ಬಂದ ತುಳುವರು ತಮ್ಮ ಭೂತಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದರು. ಮೂಡಿಗೆರೆ, ಕಳಸದ ತೋಟಗಳ ಮೂಲೆಗಳಲ್ಲಿ ಪಂಜುರ್ಲಿಯ ಕಲ್ಲು, ಚೌಡಿಯ ಬನ ಹುಡುಕಬೇಕಾಗಿಲ್ಲ. ಅಂಥವರಿಗೆ ಗಿರಿಯ ಬಾಬಾ ಇನ್ನೊಬ್ಬ ಬಲಶಾಲಿ ಹಿರಿಯ, ಕೋಪ ಬಂದರೆ ಕಷ್ಟ, ಒಲಿದರೆ ಕಾಯುವವನು.

ಹಳೆಯದನ್ನು ಹಾಡಿ ಹೊಗಳುವ ಮೊದಲು ಇದನ್ನೂ ಹೇಳಬೇಕು. ಆ ಕಾಲ ಸಮಾನತೆಯ ಕಾಲವಾಗಿರಲಿಲ್ಲ. ಗಿರಿಯ ಗುರುಪೀಠಕ್ಕೆ, ಅಂದರೆ ಶಾ ಖಾದ್ರಿ ಮನೆತನದ ಸಜ್ಜಾದೆ ನಶೀನರಿಗೆ, ಅರಸರು ಇನಾಂ ಭೂಮಿ ಬಿಟ್ಟಿದ್ದರು. ಮೈಸೂರಿನವರು ಅವರನ್ನು ಜಗದ್ಗುರುವೆಂದು ಮನ್ನಿಸಿದ್ದೂ ಉಂಟು. ಇನಾಂ ಎಂದ ಮೇಲೆ ಗೇಣಿಯೂ ಇತ್ತು, ಗೇಣಿದಾರರೂ ಇದ್ದರು. ಗಿರಿಯಲ್ಲಿ ಒಂದೇ ತೀರ್ಥ ಕುಡಿದವರು ಇಳಿದು ಬಂದ ಮೇಲೆ ಬೇರೆ ಬೇರೆ ಬಾವಿಯ ನೀರನ್ನೇ ಕುಡಿದರು. ಊರಿನ ಗುಡಿಯ ಹೊಸಿಲು ಮುಟ್ಟಲಾಗದ ದಲಿತ ಆಳು ಗುಹೆಯೊಳಗೆ ಹೋಗಿ ಬರಬಹುದಿತ್ತು ಎನ್ನುವಾಗ ಗಿರಿಗೆ ಸಲ್ಲುವ ಹೆಮ್ಮೆಯ ಬೆನ್ನಿಗೇ ಊರಿಗೆ ಸಲ್ಲುವ ನಾಚಿಕೆಯೂ ಬರುತ್ತದೆ. ಗಿರಿ ಊರನ್ನು ತಿದ್ದಲಿಲ್ಲ. ತನ್ನ ಎಲ್ಲೆಯೊಳಗೆ ಮಾತ್ರ ಬೇರೆ ನಡಾವಳಿ ಇಟ್ಟುಕೊಂಡಿತ್ತು.

ಆ ನಡಾವಳಿಗೂ ಈಗ ಕಾಗದದ ಕಾಟ. ತೋಟಗಳ ನಡುವೆ ನಕಾಶೆಯಲ್ಲಿಲ್ಲದ ಕಾಲುದಾರಿಗಳಿರುತ್ತವೆ. ತಲೆತಲಾಂತರ ಜನ ನಡೆದಾಡಿರುತ್ತಾರೆ, ತೋಟದವರೂ ಗೇಟು ಹಾಕಿರುವುದಿಲ್ಲ. ಯಾರೋ ಒಬ್ಬರು ಸರ್ವೆಗೆ ಅರ್ಜಿ ಕೊಟ್ಟ ದಿನ ದಾರಿಗೆ ಕುತ್ತು. ದಾರಿ ನಿಮ್ಮದೋ ನಮ್ಮದೋ ಎಂದು ಅಳೆಯದೆ ವಿಧಿಯಿಲ್ಲ, ಅಳೆದ ಮೇಲೆ ಒಬ್ಬರು ಸೋಲದೆ ವಿಧಿಯಿಲ್ಲ. ಗಿರಿಯದೂ ಹಾಗೇ ಆಯಿತು. 1980ರ ತೀರ್ಪು ಜಾಗವನ್ನು ಇಬ್ಬರದೂ ಎಂದು ಉಳಿಸಿಕೊಟ್ಟಿತು. 1989ರಲ್ಲಿ ಮುಜರಾಯಿ ಆಯುಕ್ತರು ಹಿಂದಿನ ಆಚರಣೆಗಳನ್ನು ಬರೆದಿಟ್ಟರು. ಮುಂದೆ ದತ್ತಮಾಲೆ ಧರಿಸಿದವರ ಶೋಭಾಯಾತ್ರೆ, ಪೊಲೀಸ್ ಪಹರೆ. ಸುಪ್ರೀಂ ಕೋರ್ಟ್ 2015ರಲ್ಲಿ ಸರ್ಕಾರವೇ ತೀರ್ಮಾನಿಸಲಿ ಎಂದಿತು. ಪೂಜೆ ಮುಜಾವರರಿಂದಲೇ ನಡೆಯಲಿ ಎಂದು ಸರ್ಕಾರ 2018ರಲ್ಲಿ ಆದೇಶ ಮಾಡಿತು. ಅದನ್ನು ಹೈಕೋರ್ಟ್ 2021ರಲ್ಲಿ ರದ್ದು ಮಾಡಿತು. 2022ರಲ್ಲಿ ವ್ಯವಸ್ಥಾಪನಾ ಸಮಿತಿ ಬಂದು ಹಿಂದೂ ಅರ್ಚಕರ ನೇಮಕವಾಯಿತು. ಇಬ್ಬರದೂ ಎಂಬ ಮಾತು ನಿಧಾನಕ್ಕೆ ನಿಮ್ಮ ಪಾಲೆಷ್ಟು ನಮ್ಮ ಪಾಲೆಷ್ಟು ಎಂಬಲ್ಲಿಗೆ ಬಂದು ನಿಂತಿತು. ಮೊದಲು ಒಬ್ಬನ ಕೈಯಿಂದ ಎಲ್ಲರೂ ತೀರ್ಥ ತೆಗೆದುಕೊಳ್ಳುತ್ತಿದ್ದರು. ಈಗ ಯಾರ ಕೈ ಎಂದು ನೋಡಿ ಕೈಯೊಡ್ಡುವ ಅಭ್ಯಾಸ ಕಲಿಯುತ್ತಿದ್ದೇವೆ.

ಗಿರಿಯ ಗೋರಿಗಳಿಗೆ ಹಾನಿ ಮಾಡಿದವರ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 2017ರ ಡಿಸೆಂಬರಿನಲ್ಲಿ ನಡೆದ ಆ ಕೆಲಸಕ್ಕೆ ಭಕ್ತಿಯ ಹೆಸರು ಸಲ್ಲದು. ದರ್ಗಾಕ್ಕೆ ಹೋಗುವುದೇ ಧರ್ಮಬಾಹಿರ, ಸಕ್ಕರೆ ಓದಿಸುವುದು ಮೂಢತನ ಎಂದು ಮುಸ್ಲಿಂ ಹುಡುಗರಿಗೆ ಹೇಳಿಕೊಡುವ ಶುದ್ಧಿವಾದಿಗಳೂ ಬಾಬಾನಿಗೆ ಮಾಡಿದ ಅನ್ಯಾಯ ಕಡಿಮೆಯದಲ್ಲ. ಇಬ್ಬರಿಗೂ ಬೇಕಾದದ್ದು ಕಲಬೆರಕೆ ಇಲ್ಲದ ಗುಹೆ. ಆದರೆ ನಮ್ಮ ಕಡೆಯವರು, ಸೌಹಾರ್ದದ ಪರವಾಗಿ ಮಾತಾಡುವವರು, ಎಡವಿದ್ದೆಲ್ಲಿ ಎಂದೂ ನೋಡಿಕೊಳ್ಳಬೇಡವೇ? ಸಭೆಯಲ್ಲಿ ನಮಗೆ ಬೇಗ ನೆನಪಾಗುವುದು ಅರಸರು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನ್ ಸ್ವಾಮಿಗಳಿಗೆ ಕಾಗದ ಬರೆದು ಶಾರದೆಯ ಪುನಃಪ್ರತಿಷ್ಠೆಗೆ ಹಣ ಕೊಟ್ಟದ್ದು, ಆ ಪತ್ರಗಳು 1916ರಲ್ಲಿ ಬೆಳಕಿಗೆ ಬಂದದ್ದು. ನಿಜ, ದೊಡ್ಡ ಸಂಗತಿಯೇ. ಆದರೆ ಅರಸನ ಕೊಡುಗೆಯಲ್ಲಿ ರಾಜಕಾರಣವೂ ಇರುತ್ತದೆ. ಎದುರು ಪಕ್ಷದವರು ಅದೇ ಅರಸನ ಇನ್ನೊಂದು ಕಾಗದ ತೆಗೆಯುತ್ತಾರೆ, ಸಭೆ ಅಲ್ಲಿಗೆ ಮುಗಿಯುತ್ತದೆ. ಗಿರಿಗೆ ಹೋಗಿ ಬಂದ ಆಳುಮಗಳಿಗೆ ಅರಸರ ಸರ್ಟಿಫಿಕೇಟು ಬೇಕಾಗಿರಲಿಲ್ಲ. ನಾವು ಆಕೆಯನ್ನು ಸಾಕ್ಷಿಯಾಗಿ ಕರೆಯಲಿಲ್ಲ. ಕರೆದರೂ ವೇದಿಕೆಯ ಮೇಲೆ ಹಾರ ಹಾಕಿ ಕೂರಿಸಿ, ನಾವೇ ಮಾತಾಡಿದೆವು. ರಹಮತ್ ತರೀಕೆರೆಯವರಂಥ ಕೆಲವರು ಮಾತ್ರ ಊರೂರು ಅಲೆದು ಕರ್ನಾಟಕದ ಸೂಫಿಗಳ, ನಾಥರ ಜಾಡು ಹಿಡಿದು ಜನರ ಬಾಯಿಂದಲೇ ಕೇಳಿ ಬರೆದರು. ಅವರು ಹುಟ್ಟಿ ಬೆಳೆದದ್ದೂ ಇದೇ ಜಿಲ್ಲೆಯಲ್ಲಿ ಎಂಬುದು ಆಕಸ್ಮಿಕ ಅನ್ನಿಸುವುದಿಲ್ಲ.

ಇಷ್ಟಾಗಿಯೂ ಹರಕೆ ನಿಂತಿಲ್ಲ. ಚೆಕ್‌ಪೋಸ್ಟಿನಲ್ಲಿ ವಾಹನ ತಪಾಸಣೆ ಮಾಡಿಸಿಕೊಂಡು, ಸೆಲ್ಫಿಗೆಂದು ಬಂದ ಬೆಂಗಳೂರಿನ ಕಾರುಗಳ ಸಾಲಿನಲ್ಲಿ ನಿಂತು, ಬ್ಯಾರಿಕೇಡ್ ಬಳಸಿ ಜನ ಬರುತ್ತಾರೆ. ಹೋಗುವುದನ್ನು ಬಿಟ್ಟವರೂ ಇದ್ದಾರೆ. ಅದರಲ್ಲೂ ಹೆಂಗಸರು, ಯಾರ ಕಣ್ಣಿಗೆ ಬಿದ್ದರೆ ಏನಾಗುತ್ತದೋ ಎಂಬ ಅಳುಕಿನಿಂದ ಊರಿನ ಹತ್ತಿರದ ಸಣ್ಣ ದರ್ಗಾದಲ್ಲೇ ದಾರ ಕಟ್ಟಿಸಿಕೊಂಡು ಸುಮ್ಮನಾಗುತ್ತಾರೆ.

ಲೈನುಗಳಲ್ಲಿ ಈಗ ಹಳಬರು ಕಡಿಮೆ. ಅವರ ಮಕ್ಕಳು ಬೆಂಗಳೂರಿಗೆ ಹೋದರು, ಅವರ ಜಾಗಕ್ಕೆ ಅಸ್ಸಾಂ, ಜಾರ್ಖಂಡ್, ಬಂಗಾಳಗಳಿಂದ ಹುಡುಗರು ಬಂದಿದ್ದಾರೆ. ಕಾಫಿ ಕೊಯ್ಲು, ಮೆಣಸು ಬಿಡಿಸುವುದು, ಮರಗಸಿ ಎಲ್ಲ ಅವರದೇ. ಅವರೂ ಜ್ವರ ಬರುವವರು, ಊರಲ್ಲಿ ಹೆಂಡತಿ ಬಸುರಿ ಇರುವವರು, ಏನಾದರೊಂದಕ್ಕೆ ಕೈಮುಗಿಯಬೇಕಾದವರು. ಅವರಲ್ಲೊಬ್ಬ ಭಾನುವಾರದ ಸಂತೆಯಲ್ಲಿ ಬೆಟ್ಟದ ಕಡೆ ಕೈ ತೋರಿಸಿ, ಅಲ್ಲಿರುವ ಬಾಬಾ ಯಾರು, ಏನು ಕೇಳಿಕೊಂಡರೆ ಕೊಡುತ್ತಾನೆ ಎಂದರೆ ಹಿಂದಿನವರು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: ದೊಡ್ಡವನು, ಹೋಗಿ ಬಾ. ನಾವು ಹಾಗೆ ಹೇಳಲಾರೆವು. ಉತ್ತರ ಕೊಡುವ ಮೊದಲು ಅವನ ಹೆಸರು ಕೇಳುತ್ತೇವೆ.